ಹಳೆಯ ಗಣಕಕ್ಕೆ ಹೊಸ ವ್ಯವಸ್ಥೆ ಬೇಕೇ?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ‘ವಿಂಡೋಸ್ 10’ ಕಾರ್ಯಾಚರಣೆ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಮರುದಿನ ಬೆಳಿಗ್ಗೆ ಯಾವ ಗಣಕವೂ ಆ ಕಾರಣಕ್ಕೆ ಕೆಟ್ಟು ನಿಲ್ಲಲಿಲ್ಲ. ಶಾಲೆಯ ಅಂಕಪಟ್ಟಿ, ಅಂಗಡಿಯ ಲೆಕ್ಕ, ಮುದ್ರಣಾಲಯದ ಲಗ್ನಪತ್ರಿಕೆ ಎಲ್ಲವೂ ಎಂದಿನಂತೆ ಸಾಗಿದವು. ಚೆನ್ನಾಗಿಯೇ ನಡೆಯುತ್ತಿರುವ ಯಂತ್ರವನ್ನು ಏಕೆ ಬದಲಿಸಬೇಕು ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಅದು ನ್ಯಾಯವಾದ ಪ್ರಶ್ನೆ; ಆದರೆ ಅದಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ.

ಬೆಂಬಲ ನಿಂತಿತೆಂದರೆ ವ್ಯವಸ್ಥೆಯೇ ನಿಂತಿತೆಂದು ಅರ್ಥವಲ್ಲ. ಇಷ್ಟು ದೊಡ್ಡ ತಂತ್ರಾಂಶದಲ್ಲಿ ದೋಷಗಳು ಪತ್ತೆಯಾಗುತ್ತಲೇ ಇರುತ್ತವೆ. ಅವುಗಳಿಗೆ ತಿಂಗಳು ತಿಂಗಳೂ ತೇಪೆ ಹಾಕುವ ಕೆಲಸ ನಿಲ್ಲುತ್ತದೆ, ಅಷ್ಟೆ. ಮನೆ ಭದ್ರವಾಗಿಯೇ ಇರುತ್ತದೆ. ಬಾಗಿಲಿನ ಬೀಗ ಸಡಿಲವಾದಾಗ ಸರಿಪಡಿಸಲು ಯಾರೂ ಬರುವುದಿಲ್ಲ. ಗೃಹಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅವಧಿಯನ್ನೇನೋ ಸಂಸ್ಥೆ ಪ್ರಕಟಿಸಿತು. ಆದರೆ ಅದು ತೀರ್ಮಾನವನ್ನು ಮುಂದೂಡುವ ಉಪಾಯವೇ ಹೊರತು ಪರಿಹಾರವಲ್ಲ.

ಉನ್ನತೀಕರಿಸಿಕೊಳ್ಳೋಣ ಎಂದು ಹೊರಟವರಿಗೂ ದಾರಿ ಸುಗಮವಾಗಿಲ್ಲ. 2021ರ ಅಕ್ಟೋಬರ್‌ನಲ್ಲಿ ಬಂದ ‘ವಿಂಡೋಸ್ 11’ಕ್ಕೆ ‘ಟಿಪಿಎಂ 2.0’ ಎಂಬ ಭದ್ರತಾ ಘಟಕ ಬೇಕು. ಇಂಟೆಲ್ ಪ್ರೊಸೆಸರ್‌ಗಳ ಪೈಕಿ ಹೆಚ್ಚುಕಡಿಮೆ ಎಂಟನೆಯ ಪೀಳಿಗೆ ಮತ್ತು ಅದರ ನಂತರದವುಗಳಿಗೆ ಮಾತ್ರ ಅಧಿಕೃತ ಮಾನ್ಯತೆ. ಆ ಪೀಳಿಗೆ ಮಾರುಕಟ್ಟೆಗೆ ಬಂದದ್ದೇ 2017ರಲ್ಲಿ. ಅಂದರೆ 2016ರಲ್ಲಿ ಒಳ್ಳೆಯ ಬೆಲೆ ಕೊಟ್ಟು ಕೊಂಡ, ಇಂದಿಗೂ ಗಟ್ಟಿಮುಟ್ಟಾಗಿರುವ ಗಣಕವೊಂದು ಶಕ್ತಿಯ ಕೊರತೆಯಿಂದಲ್ಲ, ನಿಯಮದ ಕಾರಣದಿಂದ ಹೊರಗುಳಿಯುತ್ತದೆ. ಈ ತಪಾಸಣೆಯನ್ನು ತಪ್ಪಿಸಿ ಹೊಸ ವ್ಯವಸ್ಥೆಯನ್ನು ಅಳವಡಿಸುವ ಒಳದಾರಿಗಳೂ ಇವೆ. ಆದರೆ ಅಂಥ ಯಂತ್ರಗಳಿಗೆ ಮುಂದಿನ ತೇಪೆಗಳು ದೊರೆಯುವ ಭರವಸೆಯಿಲ್ಲವೆಂದು ಸಂಸ್ಥೆಯೇ ಸ್ಪಷ್ಟಪಡಿಸಿದೆ. ಭದ್ರತೆಗಾಗಿಯೇ ಬದಲಾಯಿಸಿ ಕೊನೆಗೆ ಭದ್ರತೆಯನ್ನೇ ಕಳೆದುಕೊಂಡರೆ ಪ್ರಯೋಜನವೇನು?

ಹಾಗೆಂದು ಅಪಾಯವನ್ನು ಕಡೆಗಣಿಸುವಂತಿಲ್ಲ. 2017ರ ಮೇ ತಿಂಗಳಿನಲ್ಲಿ ‘ವನ್ನಾಕ್ರೈ’ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಹರಡಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ತಪಾಸಣೆಗಳು ರದ್ದಾದವು. ಆ ದೋಷಕ್ಕೆ ತೇಪೆ ಎರಡು ತಿಂಗಳ ಮೊದಲೇ ಬಿಡುಗಡೆಯಾಗಿತ್ತು. ಬಲಿಯಾದ ಯಂತ್ರಗಳಲ್ಲಿ ಹೆಚ್ಚಿನವು ಆಗಿನ್ನೂ ಬೆಂಬಲವಿದ್ದ ‘ವಿಂಡೋಸ್ 7’ ಬಳಸುತ್ತಿದ್ದವು, ತೇಪೆ ಹಾಕಿಸಿಕೊಂಡಿರಲಿಲ್ಲ. ಈ ಪ್ರಸಂಗದಿಂದ ಎರಡು ಪಾಠಗಳಿವೆ. ಹೊಸ ವ್ಯವಸ್ಥೆ ಇದ್ದ ಮಾತ್ರಕ್ಕೆ ಸುರಕ್ಷತೆ ಬಾರದು, ಅದನ್ನು ಪರಿಷ್ಕರಿಸುತ್ತಿರಬೇಕು ಎಂಬುದು ಮೊದಲನೆಯದು. ಒಂದು ಜಾಲದಲ್ಲಿರುವ ದುರ್ಬಲ ಯಂತ್ರ ತನ್ನೊಂದಿಗೆ ನೆರೆಯ ಯಂತ್ರಗಳನ್ನೂ ಕೆಡಿಸಬಲ್ಲದು ಎಂಬುದು ಎರಡನೆಯದು. ಆದ್ದರಿಂದ ಬ್ಯಾಂಕ್ ವ್ಯವಹಾರ, ತೆರಿಗೆ ಸಲ್ಲಿಕೆ, ಇತರರ ಖಾಸಗಿ ದಾಖಲೆಗಳು ಹಾದುಹೋಗುವ ಗಣಕವನ್ನು ಬೆಂಬಲವಿಲ್ಲದ ವ್ಯವಸ್ಥೆಯಲ್ಲಿ ಅಂತರ್ಜಾಲಕ್ಕೆ ಜೋಡಿಸಿ ಇಟ್ಟುಕೊಳ್ಳುವುದು ಮಾಲೀಕರ ಸ್ವಂತ ವಿಷಯವಾಗಿ ಉಳಿಯುವುದಿಲ್ಲ.

ಕನ್ನಡಿಗರ ಮಟ್ಟಿಗೆ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ತಾಂತ್ರಿಕ ಚರ್ಚೆಗಳಲ್ಲಿ ಅದು ಅಷ್ಟಾಗಿ ಕಾಣಿಸುವುದಿಲ್ಲ. ನಮ್ಮ ಮುದ್ರಣಾಲಯಗಳಲ್ಲಿ, ಡಿಟಿಪಿ ಕೇಂದ್ರಗಳಲ್ಲಿ, ಸಂಘ–ಸಂಸ್ಥೆಗಳ ಕಚೇರಿಗಳಲ್ಲಿ ಹಳೆಯ ಗಣಕಗಳು ಉಳಿದಿರುವುದು ಕೇವಲ ಜಿಪುಣತನದಿಂದಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿ ಮೊದಲಾದವುಗಳ ಮೂಲಕ ಮೂಡಿದ ಕನ್ನಡ ಪಠ್ಯ, ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲಿ ಕುಳಿತಿದೆ. ಅದಕ್ಕೆ ಹೊಂದುವ ಫಾಂಟ್ ಇಲ್ಲದಿದ್ದರೆ ತೆರೆಯ ಮೇಲೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಪುಟವಿನ್ಯಾಸಕ್ಕೆ ಬಳಸಿದ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಅದರಲ್ಲಿ ರೂಪುಗೊಂಡ ಅಭಿನಂದನ ಗ್ರಂಥಗಳು, ಸ್ಮರಣ ಸಂಚಿಕೆಗಳು, ಪಠ್ಯಪುಸ್ತಕಗಳು, ಸ್ಥಳೀಯ ಇತಿಹಾಸದ ಹೊತ್ತಗೆಗಳು ಎಷ್ಟೋ!

ಅಂಥ ಯಂತ್ರಕ್ಕೆ ಅವಸರದಲ್ಲಿ ಹೊಸ ವ್ಯವಸ್ಥೆ ಹಾಕಿದರೆ ಏನಾಗಬಹುದು? ‘ವಿಂಡೋಸ್ 11’ ಇರುವುದು 64 ಬಿಟ್ ರೂಪದಲ್ಲಿ ಮಾತ್ರ. 16 ಬಿಟ್ ಕಾಲದ ತಂತ್ರಾಂಶಗಳು ಅದರಲ್ಲಿ ಓಡುವುದಿಲ್ಲ. 32 ಬಿಟ್ ಚಾಲಕ ತಂತ್ರಾಂಶವನ್ನೇ ನೆಚ್ಚಿಕೊಂಡ ಹಳೆಯ ಪ್ರಿಂಟರ್, ಸ್ಕ್ಯಾನರ್‌ಗಳು ಸುಮ್ಮನಾಗುತ್ತವೆ. ‘ವಿಂಡೋಸ್ ಎಕ್ಸ್‌ಪಿ’ಯೊಡನೆ ಬರುತ್ತಿದ್ದ ‘ತುಂಗಾ’ ಫಾಂಟ್ ಕೂಡ ‘ವಿಂಡೋಸ್ 10’ರ ಹೊತ್ತಿಗೆ ಬೇಕಾದವರು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕಾದ ಪಟ್ಟಿಗೆ ಸರಿದಿತ್ತು. ಹೀಗಾಗಿ ಮುದ್ರಣಾಲಯದವರ ಹಿಂಜರಿಕೆಗೆ ಕಾರಣವಿದೆ. ಆದರೆ ಏನನ್ನೂ ಮಾಡದೆ ಕುಳಿತರೆ ಪಠ್ಯ ಉಳಿಯುತ್ತದೆಂಬುದೂ ಭ್ರಮೆಯೇ. ಹತ್ತು–ಹದಿನೈದು ವರ್ಷ ತಿರುಗಿದ ಹಾರ್ಡ್‌ಡಿಸ್ಕ್ ಮುನ್ಸೂಚನೆ ಕೊಟ್ಟೇ ಕೈಕೊಡುತ್ತದೆ ಎನ್ನುವಂತಿಲ್ಲ.

ಆದಕಾರಣ ವ್ಯವಸ್ಥೆಯನ್ನು ಬದಲಿಸಬೇಕೇ ಎಂದು ಕೇಳುವ ಮೊದಲು, ಅದರೊಳಗೆ ಏನಿದೆ ಎಂದು ಕೇಳಬೇಕು. ಎಲ್ಲ ಕಡತಗಳನ್ನೂ, ಅವುಗಳಿಗೆ ಬೇಕಾದ ಫಾಂಟ್‌ಗಳನ್ನೂ ಬೇರೆ ಬೇರೆ ಕಡೆ ಎರಡು ಪ್ರತಿಗಳಾಗಿ ಇಡುವುದು ಮೊದಲ ಕೆಲಸ. ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸುವುದು ಎರಡನೆಯದು. ಇದಕ್ಕೆ ಪರಿವರ್ತಕಗಳು ಸುಲಭವಾಗಿ ದೊರೆಯುತ್ತವೆ. ಆದರೆ ಪರಿವರ್ತಕಕ್ಕೆ ಕೊಟ್ಟು ಕೈತೊಳೆದುಕೊಳ್ಳುವ ಕೆಲಸ ಇದಲ್ಲ. ಪಠ್ಯದ ನಡುವೆ ಬಂದ ಇಂಗ್ಲಿಷ್ ಪದಗಳೂ ಅದೇ ಸಂಕೇತಗಳನ್ನು ಹಂಚಿಕೊಂಡಿರುವುದರಿಂದ ಅವು ಅರ್ಥಹೀನ ಕನ್ನಡವಾಗಿ ಮಾರ್ಪಡಬಹುದು. ಒತ್ತಕ್ಷರ, ಅರ್ಕಾವತ್ತುಗಳು ಸ್ಥಾನಪಲ್ಲಟಗೊಳ್ಳಬಹುದು. ಕರಡು ತಿದ್ದುವ ಕಣ್ಣು ಬೇಕೇ ಬೇಕು. ಮೂಲ ಪುಟವಿನ್ಯಾಸ ಗೊತ್ತಿರುವವರು, ಹಳೆಯ ಯಂತ್ರ ಚಾಲನೆಯಲ್ಲಿರುವಾಗಲೇ ಈ ಕೆಲಸ ಮುಗಿಸಿದರೆ ಕಷ್ಟ ಅರ್ಧ ಕಡಿಮೆ.

ಇಷ್ಟಾದ ಮೇಲೆ ತೀರ್ಮಾನ ತಾನಾಗಿ ತಿಳಿಯಾಗುತ್ತದೆ. ಯಂತ್ರ ಅರ್ಹವಾಗಿದ್ದು, ಅಂತರ್ಜಾಲದ ಕೆಲಸಕ್ಕೆ ಬಳಕೆಯಾಗುತ್ತಿದ್ದರೆ ಉನ್ನತೀಕರಿಸುವುದೇ ಸರಿ. ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಅದರ ವೇಗ ಎದ್ದುಕಾಣುವಷ್ಟು ಹೆಚ್ಚುತ್ತದೆ. ಹಳೆಯ ಪುಟವಿನ್ಯಾಸಕ್ಕಾಗಿಯೇ ಇರುವ ಯಂತ್ರವಾದರೆ ಅಂತರ್ಜಾಲದ ಸಂಪರ್ಕ ತಪ್ಪಿಸಿ, ಇದ್ದ ಹಾಗೆಯೇ ಉಳಿಸಿಕೊಳ್ಳಬಹುದು. ಅದಕ್ಕೆ ಚುಚ್ಚುವ ಪೆನ್‌ಡ್ರೈವ್ ಮೇಲೆ ಮಾತ್ರ ನಿಗಾ ಇರಬೇಕು. ಅರ್ಹತೆಯಿಲ್ಲದ, ಆದರೆ ಅಂತರ್ಜಾಲ ಬೇಕೇ ಬೇಕಾದ ಯಂತ್ರಕ್ಕೆ ಉಬುಂಟು, ಲಿನಕ್ಸ್ ಮಿಂಟ್‌ನಂತಹ ಮುಕ್ತ ವ್ಯವಸ್ಥೆಗಳಿವೆ. ನುಡಿ ಬಳಸಿದವರಿಗೆ ಪರಿಚಿತವಾದ ಕಗಪ ಕೀಲಿಮಣೆ ವಿನ್ಯಾಸ ಅಲ್ಲಿಯೂ ಲಭ್ಯ. ನೆರೆಯ ಕೇರಳ ತನ್ನ ಶಾಲೆಗಳಲ್ಲಿ ವರ್ಷಗಳಿಂದ ಮುಕ್ತ ತಂತ್ರಾಂಶವನ್ನೇ ಬಳಸುತ್ತಿರುವುದು, ಇದು ಕೇವಲ ಹವ್ಯಾಸಿಗಳ ದಾರಿಯಲ್ಲ ಎಂಬುದಕ್ಕೆ ಸಾಕ್ಷಿ.

ಎಲ್ಲವನ್ನೂ ಗುಜರಿಗೆ ಹಾಕಿ ಹೊಸದನ್ನು ತರುವುದು ಕಾಣಲು ಸುಲಭವಾದ ಪರಿಹಾರ. ಆದರೆ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರೊಂದರಲ್ಲೇ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಸೃಷ್ಟಿಯಾಯಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಗೊಂಡು ಮರುಬಳಕೆಗೆ ಸಂದದ್ದು ಶೇ 22.3 ಮಾತ್ರ. ನಡೆಯುವ ಯಂತ್ರವನ್ನು ಆ ರಾಶಿಗೆ ಸೇರಿಸುವ ಮುನ್ನ ಒಮ್ಮೆ ಯೋಚಿಸುವುದು ಒಳಿತು.

ಸಾರ್ವಜನಿಕ ಸಂಸ್ಥೆಗಳ ಹೊಣೆ ಇನ್ನೂ ಹೆಚ್ಚಿನದು. ಗಣಕಗಳನ್ನು ಕೊಳ್ಳುವಾಗಲೇ ಅವುಗಳ ವ್ಯವಸ್ಥೆಗೆ ಎಷ್ಟು ವರ್ಷ ಬೆಂಬಲವಿದೆ ಎಂದು ವಿಚಾರಿಸುವ ಪದ್ಧತಿ ಬರಬೇಕು. ವಿಶ್ವವಿದ್ಯಾಲಯಗಳು, ಅಕಾಡೆಮಿಗಳು ತಮ್ಮ ಹಳೆಯ ಪ್ರಕಟಣೆಗಳ ಕಡತಗಳನ್ನು ಯೂನಿಕೋಡ್‌ಗೆ ತರುವ ಕೆಲಸವನ್ನು ಮುದ್ರಕರ ಔದಾರ್ಯಕ್ಕೆ ಬಿಡಬಾರದು. ಕಂಪನಿಯೊಂದರ ದಿನದರ್ಶಿ ಒಂದು ತಂತ್ರಾಂಶದ ಆಯುಸ್ಸನ್ನು ನಿರ್ಧರಿಸಬಹುದು. ಅದರೊಳಗೆ ನಾವು ಬರೆದಿಟ್ಟದ್ದರ ಆಯುಸ್ಸು ಮಾತ್ರ ನಮ್ಮ ಕೈಯಲ್ಲೇ ಇರಬೇಕು.