ಉಳಿದ ಬ್ರೆಡ್ಡಿಗೆ ಭಾನುವಾರದ ಮರ್ಯಾದೆ

ರಾಯದುರ್ಗ: ಗಡಿನಾಡಿನ ಮನೆಗಳಲ್ಲಿ ಬ್ರೆಡ್ ಎಂದರೆ ಬಹುಕಾಲ ರೋಗಿಯ ಪಥ್ಯವಾಗಿತ್ತು. ಬ್ರೆಡ್ಡಿನ ಪೊಟ್ಟಣ ಹಿಡಿದು ಬೀದಿಯಲ್ಲಿ ಬಂದವರನ್ನು 'ಮನೇಲಿ ಯಾರಿಗೆ ಹುಷಾರಿಲ್ಲ?' ಎಂದು ಕೇಳುವ ಹಿರಿಯರು ಈಗಲೂ ಇದ್ದಾರೆ. ಜ್ವರ ಇಳಿದ ಮೇಲೆ ಅರ್ಧ ಪೊಟ್ಟಣ ಹಾಗೇ ಉಳಿದು, ಒಣಗಿ, ಕೊನೆಗೆ ಎಮ್ಮೆಯ ಬಾನಿಗೆ ಬೀಳುತ್ತದೆ. ಹಾಗೆ ಬೀಳುವ ಚೂರುಗಳಿಂದಲೇ ಭಾನುವಾರ ತಡವಾಗಿ ಕುಳಿತು ತಿನ್ನುವ ಭರ್ಜರಿ ತಿಂಡಿಯೊಂದನ್ನು ಮಾಡಬಹುದು. ಬೇಕರಿಯವರ ಬಾಯಲ್ಲಿ ಅದು ಬಾಂಬೆ ಟೋಸ್ಟ್, ಇಂಗ್ಲಿಷಿನಲ್ಲಿ ಫ್ರೆಂಚ್ ಟೋಸ್ಟ್.

ಫ್ರೆಂಚರು ಮಾತ್ರ ಇದನ್ನು 'ಪ್ಯಾನ್ ಪೆರ್ದ್ಯು' ಎನ್ನುತ್ತಾರೆ. 'ಕಳೆದುಹೋದ ರೊಟ್ಟಿ' ಎಂದು ಅದರ ಅರ್ಥ. ಕೈಬಿಟ್ಟು ಹೋಗಬೇಕಿದ್ದ ರೊಟ್ಟಿಯನ್ನು ಉಳಿಸಿಕೊಂಡದ್ದು ಎಂಬ ಭಾವ ಆ ಹೆಸರಿನಲ್ಲೇ ಇದೆ. ಫ್ರೆಂಚರಿಗಿಂತ ಎಷ್ಟೋ ಮೊದಲು, ಅಪಿಕಿಯಸ್‌ನ ಹೆಸರಿನಲ್ಲಿ ಉಳಿದಿರುವ ಪ್ರಾಚೀನ ರೋಮನ್ ಪಾಕಗ್ರಂಥದಲ್ಲಿ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕರಿದು ಜೇನು ಸುರಿಯುವ ವಿಧಾನವಿದೆ. ಹೈದರಾಬಾದಿನ ಡಬಲ್ ಕಾ ಮೀಠಾ ಕೂಡ ಇದೇ ಬಳಗದ್ದು. ಇನ್ನು 'ಬ್ರಂಚ್' ಎಂಬ ಪದವನ್ನು 1895ರಲ್ಲಿ ಗೈ ಬೆರಿಂಜರ್ ಎಂಬ ಇಂಗ್ಲಿಷ್ ಲೇಖಕ ಪತ್ರಿಕೆಯೊಂದರಲ್ಲಿ ಬಳಸಿದ. ಭಾನುವಾರ ತಡವಾಗಿ ಏಳುವವರಿಗೆ ತಿಂಡಿ, ಊಟ ಎರಡನ್ನೂ ಒಂದೇ ಮಾಡಿಬಿಡಿ ಎಂಬುದು ಅವನ ವಾದ.

ಈ ಭಾಗದವರಿಗೆ ಅದೇನೂ ಹೊಸದಲ್ಲ. ಮಂಡಕ್ಕಿ ಒಗ್ಗರಣೆ, ಜೊತೆಗೆ ಬಿಸಿ ಮಿರ್ಚಿ ಬಜ್ಜಿ ತಿಂದರೆ ಮಧ್ಯಾಹ್ನದ ಊಟದ ನೆನಪು ಬಾರದು. ತೆಲುಗಿನವರು ಉಗ್ಗಾನಿ ಎನ್ನುವುದೂ ಇದನ್ನೇ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಅನಂತಪುರಕ್ಕೆ ಸೇರಿತು. ಮಡಕಶಿರಾ 2022ರ ಏಪ್ರಿಲ್‌ನಲ್ಲಿ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ಒಲೆಯ ಮೇಲಿನ ಬಾಣಲೆಗೆ ಇದ್ಯಾವುದೂ ತಿಳಿಯದು. ಒಣಗಿದ ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಮತ್ತೆ ಮೆತ್ತಗೆ ಮಾಡಿಕೊಳ್ಳುವ ಕೈಗೆ ಒಣ ಬ್ರೆಡ್ಡನ್ನು ಹಾಲು-ಮೊಟ್ಟೆಯಲ್ಲಿ ಅದ್ದುವುದು ಕಷ್ಟವಲ್ಲ.

ಹಳೆಯ ಬ್ರೆಡ್ಡೇ ಏಕೆ?

ಬೆಳಿಗ್ಗೆ ತಂದ ಮೆತ್ತನೆಯ ಬ್ರೆಡ್ಡಿನಿಂದ ಮಾಡಲು ಹೋದವರ ಟೋಸ್ಟ್ ಹಂಚಿಗೆ ಬೀಳುವ ಮುನ್ನವೇ ಹರಿದು ಮುದ್ದೆಯಾಗುತ್ತದೆ. ದಿನ ಕಳೆದಂತೆ ಬ್ರೆಡ್ಡಿನೊಳಗಿನ ಪಿಷ್ಟ ಮತ್ತೆ ಬಿಗಿದುಕೊಂಡು ಗಟ್ಟಿಯಾಗುತ್ತದೆ. ಅಂಥ ಚೂರು ಹಾಲನ್ನು ಹೀರಿಯೂ ತನ್ನ ಆಕಾರ ಬಿಡುವುದಿಲ್ಲ. ಫ್ರಿಜ್ಜಿನಲ್ಲಿಟ್ಟ ಬ್ರೆಡ್ ಹೊರಗಿಟ್ಟದ್ದಕ್ಕಿಂತ ಬೇಗ ಗಟ್ಟಿಯಾಗುತ್ತದೆ. ಹಾಗೇ ತಿನ್ನುವವರಿಗೆ ಅದು ನಷ್ಟ, ಟೋಸ್ಟ್ ಮಾಡುವವರಿಗೆ ಲಾಭ. ತಾಜಾ ಬ್ರೆಡ್ಡೇ ಇದ್ದರೆ ಚೂರುಗಳನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಫ್ಯಾನಿನ ಕೆಳಗೆ ಒಂದೆರಡು ಗಂಟೆ ಒಣಗಿಸಿದರಾಯಿತು.

ಆದರೆ ಒಣಗಿದ್ದು ಬೇರೆ, ಬೂಷ್ಟು ಹಿಡಿದದ್ದು ಬೇರೆ. ಉಳಿತಾಯದ ಹೆಸರಿನಲ್ಲಿ ಇಲ್ಲಿಯೇ ಹೆಚ್ಚು ಮಂದಿ ಎಡವುತ್ತಾರೆ. ಹಸಿರು ಅಥವಾ ಬಿಳಿ ಚುಕ್ಕೆ ಕಂಡ ಕಡೆ ಮಾತ್ರ ಕಿತ್ತು ಉಳಿದದ್ದನ್ನು ಹಂಚಿಗೆ ಹಾಕುವ ರೂಢಿ ಸರಿಯಲ್ಲ. ಬ್ರೆಡ್ ಸ್ಪಂಜಿನಂತಿರುವುದರಿಂದ ಶಿಲೀಂಧ್ರದ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೆಲ್ಲ ಹಬ್ಬಿರಬಹುದು. ಕೆಲವು ಬೂಷ್ಟುಗಳ ವಿಷಾಂಶ ಕಾಯಿಸಿದರೂ ಹೋಗುವುದಿಲ್ಲ. ಅಂಥ ಪೊಟ್ಟಣವನ್ನು ಪೂರ್ತಿ ಎಸೆಯಬೇಕು. ಎಮ್ಮೆಗೂ ಹಾಕಬಾರದು. ಮಳೆಗಾಲದಲ್ಲಂತೂ ಪೊಟ್ಟಣ ಬಿಚ್ಚಿ ಎರಡೂ ಬದಿ ನೋಡಿ, ಮೂಸಿಯೇ ಮುಂದುವರಿಯುವುದು ಒಳ್ಳೆಯದು.

ಮಾಡುವ ಬಗೆ

ನಾಲ್ಕು ದಪ್ಪ ಚೂರಿಗೆ ಎರಡು ಮೊಟ್ಟೆ, 120 ಮಿ.ಲೀ. ಹಾಲು, ಒಂದು ದೊಡ್ಡ ಚಮಚ ಸಕ್ಕರೆ, ಎರಡು ಏಲಕ್ಕಿಯ ಪುಡಿ, ಒಂದು ಚಿಟಿಕೆ ಉಪ್ಪು ಸಾಕು. ಬೇಕರಿಯಲ್ಲಿ ಕತ್ತರಿಸದ ಇಡೀ ಬ್ರೆಡ್ ಕೇಳಿ ತಂದರೆ ಬೆರಳು ದಪ್ಪದ ಚೂರು ಮಾಡಿಕೊಳ್ಳಬಹುದು. ತಿಂಡಿಯ ಭರ್ಜರಿತನ ಇರುವುದೇ ಆ ದಪ್ಪದಲ್ಲಿ. ಮೊಟ್ಟೆಯನ್ನು ಮೊದಲು ಚೆನ್ನಾಗಿ ಕದಡಿ ಆಮೇಲೆ ಹಾಲು ಬೆರೆಸಬೇಕು. ಇಲ್ಲವಾದರೆ ಬಿಳಿಯ ಭಾಗ ಎಳೆಎಳೆಯಾಗಿ ಉಳಿದು ಟೋಸ್ಟಿನ ಮೇಲೆ ಆಮ್ಲೆಟ್ಟಿನ ಚಿಂದಿಯಂತೆ ಕಾಣುತ್ತದೆ. ಕಾಯಿಸಿದ ಹಾಲಾದರೆ ಪೂರ್ತಿ ತಣ್ಣಗಾಗಿರಬೇಕು, ಬಿಸಿ ಹಾಲಿಗೆ ಮೊಟ್ಟೆ ಒಡೆಯುತ್ತದೆ.

ತೆಳು ಚೂರಿಗೆ ಒಂದೊಂದು ಬದಿ 20 ಸೆಕೆಂಡು, ದಪ್ಪ ಚೂರಿಗೆ ಒಂದು ನಿಮಿಷ ನೆನೆಯುವುದು ಸಾಕು. ಎತ್ತಿದಾಗ ತೊಟ್ಟಿಕ್ಕುವುದನ್ನು ಹರಿಯಬಿಟ್ಟು ಹಂಚಿಗೆ ಹಾಕಬೇಕು. ಈರುಳ್ಳಿ ದೋಸೆಯ ಹಂಚಾದರೆ ಚೆನ್ನಾಗಿ ತೊಳೆದು ಕಾಯಿಸಿಕೊಳ್ಳಿ, ಸಿಹಿ ಟೋಸ್ಟಿಗೆ ಅದರ ವಾಸನೆ ಬಲುಬೇಗ ಅಂಟುತ್ತದೆ. ಬರೀ ಬೆಣ್ಣೆ ಹಾಕಿದರೆ ಅದರಲ್ಲಿರುವ ಹಾಲಿನ ಅಂಶ ಸೀದು ಕಪ್ಪಾಗುತ್ತದೆ. ತುಪ್ಪ ಅಷ್ಟು ಬೇಗ ಸೀಯುವುದಿಲ್ಲ, ಪರಿಮಳವೂ ಹೆಚ್ಚು. ಉರಿ ಸಣ್ಣದಿರಲಿ, ಒಂದೊಂದು ಬದಿಗೆ ಮೂರರಿಂದ ನಾಲ್ಕು ನಿಮಿಷ. ದೊಡ್ಡ ಉರಿಯಲ್ಲಿ ಹೊರಗಿನ ಸಕ್ಕರೆ ಕರಕಲಾಗಿ ಒಳಗಿನ ಮೊಟ್ಟೆ ಹಸಿಯಾಗಿಯೇ ಉಳಿಯುತ್ತದೆ. ನಡುವೆ ಬೆರಳಿನಿಂದ ಒತ್ತಿದರೆ ಸ್ಪಂಜಿನಂತೆ ಮೇಲೆದ್ದರೆ ಬೆಂದಿದೆ, ರಸ ಜಿನುಗಿದರೆ ಇನ್ನೊಂದು ನಿಮಿಷ ಬೇಕು. ಹಸಿಮೊಟ್ಟೆಯಿಂದ ಸಾಲ್ಮೊನೆಲ್ಲಾ ಸೋಂಕು ತಗಲಬಹುದಾದ್ದರಿಂದ ಮಕ್ಕಳು, ಬಸುರಿಯರು, ವಯಸ್ಸಾದವರು ಇರುವ ಮನೆಯಲ್ಲಿ ಇಲ್ಲಿ ಅವಸರ ಬೇಡ.

ಮೊಟ್ಟೆ ತಿನ್ನದ ಮನೆಗಳೂ, ಸೋಮವಾರ-ಶನಿವಾರ ಬಿಡುವ ಮನೆಗಳೂ, ಶ್ರಾವಣ ಪೂರ್ತಿ ಬಿಡುವ ಮನೆಗಳೂ ಇಲ್ಲಿ ಬೇಕಾದಷ್ಟಿವೆ. ಅವರಿಗೆ ಕಸ್ಟರ್ಡ್ ಪುಡಿ ಇದೆ. ಒಂದು ಲೋಟ ತಣ್ಣನೆಯ ಹಾಲಿಗೆ ಎರಡು ದೊಡ್ಡ ಚಮಚ ಪುಡಿ ಕದಡಿ ಅದ್ದಿದರೆ, ಅದರ ಜೋಳದ ಪಿಷ್ಟವೇ ಮೊಟ್ಟೆಯ ಜಾಗದಲ್ಲಿ ಹಾಲನ್ನು ಹಿಡಿದು ಬಿಗಿಯುತ್ತದೆ. ಪುಡಿ ತಳಕ್ಕಿಳಿಯುವುದರಿಂದ ಪ್ರತಿ ಚೂರಿಗೂ ಮುನ್ನ ಕದಡಬೇಕು. ಅಂದಹಾಗೆ ಈ ಪುಡಿ ಹುಟ್ಟಿದ್ದೇ ಮೊಟ್ಟೆ ಒಗ್ಗದವರಿಗಾಗಿ. 1837ರಲ್ಲಿ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ತನ್ನ ಹೆಂಡತಿಗೆ ಮೊಟ್ಟೆ ಆಗುತ್ತಿರಲಿಲ್ಲವೆಂದು ಇದನ್ನು ತಯಾರಿಸಿದ.

ವಿದೇಶದವರು ಮೇಲೆ ಮೇಪಲ್ ಮರದ ಪಾಕ ಸುರಿಯುತ್ತಾರೆ. ಬೆಲ್ಲದ ಮಾರುಕಟ್ಟೆಗೆ ಹೆಸರಾದ ಹಿಂದೂಪುರ ಮಡಕಶಿರಾಕ್ಕೆ ಹತ್ತಿರವಿರುವಾಗ ದುಬಾರಿ ಬಾಟಲಿ ಏಕೆ? 100 ಗ್ರಾಂ ಬೆಲ್ಲಕ್ಕೆ ಕಾಲು ಲೋಟ ನೀರು ಹಾಕಿ ಕರಗಿಸಿ, ಸೋಸಿ, ಬೆರಳಿಗೆ ಅಂಟುವಷ್ಟು ಕುದಿಸಿ ಇಳಿಸಬೇಕು. ಎಳೆ ಪಾಕಕ್ಕೆ ಬಿಟ್ಟರೆ ತಣ್ಣಗಾದ ಮೇಲೆ ಗಟ್ಟಿಯಾಗಿಬಿಡುತ್ತದೆ. ಮೇಲೆ ಹುರಿದು ತರಿತರಿಯಾಗಿ ಕುಟ್ಟಿದ ಕಡಲೆಕಾಯಿ ಬೀಜ, ಪಕ್ಕದಲ್ಲಿ ಬಾಳೆಹಣ್ಣಿನ ಹೋಳು. ಕುಡಿಯಲು ಮೋಸಂಬಿ ರಸಕ್ಕೆ ಸಕ್ಕರೆ ಹಾಕಬೇಕಿಲ್ಲ. ಇವೆಲ್ಲ ಈ ಜಿಲ್ಲೆಗಳ ಹೊಲ-ತೋಟದಲ್ಲೇ ಬೆಳೆಯುವಂಥವು.

ಸಕ್ಕರೆ ಕಾಯಿಲೆಯವರಿಗೆ ಇದು ತಕ್ಕ ತಿಂಡಿಯಲ್ಲ. ಬೆಲ್ಲವಾದರೆ ತೊಂದರೆಯಿಲ್ಲ ಎಂಬ ನಂಬಿಕೆ ತಪ್ಪು, ರಕ್ತದಲ್ಲಿ ಅದೂ ಸಕ್ಕರೆಯಂತೆಯೇ ಏರುತ್ತದೆ. ಅವರಿಗೆ ಸಿಹಿ ಬಿಟ್ಟು, ಮೊಟ್ಟೆಗೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿದ ಖಾರದ ಟೋಸ್ಟ್ ಒಂದೆರಡು ಚೂರು ಮಾಡಿಕೊಡಬಹುದು. ಖಾರದ್ದನ್ನು ಸಿಹಿಯದು ಮುಗಿದ ಮೇಲೆಯೇ ಹಂಚಿಗೆ ಹಾಕಿ. ಮಿರ್ಚಿ ಬಜ್ಜಿಯೂ ಬೇಕು ಎನ್ನುವ ಮನೆಯವರಿದ್ದರೆ ಕಡಲೆಹಿಟ್ಟು ಕಲಸಿಟ್ಟುಕೊಂಡೇ ಟೋಸ್ಟಿಗೆ ಕೈ ಹಾಕುವುದು ಅನುಕೂಲ. ಎರಡೂ ಬಿಸಿಯಾಗಿದ್ದಾಗಲೇ ರುಚಿ.