ಶಿಶುವಿಹಾರದ ಸಹಾಯಕಿಯೂ ಮಕ್ಕಳ ನಡತೆಯೂ

ಮನೆಯೇ ಮೊದಲ ಪಾಠಶಾಲೆಯೆಂಬುದು ಸರ್ವವಿದಿತ. ಆದರೆ ಮನೆಯ ಹೊಸ್ತಿಲನ್ನು ದಾಟಿದ ಮಗು ಮೊದಲು ಹಿಡಿಯುವ ಕೈ ಬಹುಮಟ್ಟಿಗೆ ಶಿಶುವಿಹಾರದ ಸಹಾಯಕಿಯದು. ಕಣ್ಣೊರೆಸುವವಳು, ಉಣಿಸುವವಳು, ಜಗಳ ಬಿಡಿಸುವವಳು ಅವಳೇ. ಆದರೂ ಈ ಕೆಲಸಕ್ಕೂ ಒಂದು ಶಿಕ್ಷಣ ಬೇಕೆಂಬ ಅರಿವು ನಮ್ಮಲ್ಲಿ ಇನ್ನೂ ಸಾಲದು.

ಎಳೆಯ ಮಕ್ಕಳನ್ನು ಬೆತ್ತವಿಲ್ಲದೆ ನಡೆಸಬಹುದೆಂಬುದು ಅನುಭವದಿಂದ ಸಿದ್ಧವಾದ ಮಾತು. 1907ರಲ್ಲಿ ರೋಮ್ ನಗರದ ಬಡ ಬಡಾವಣೆಯೊಂದರಲ್ಲಿ ಶಿಶುಗೃಹವನ್ನು ತೆರೆದ ಮರಿಯಾ ಮಾಂಟೆಸ್ಸೊರಿ, ಕೈಗೆ ತಕ್ಕ ಕೆಲಸ ದೊರೆತೊಡನೆ ಚಂಚಲ ಮಕ್ಕಳು ತಾವಾಗಿಯೇ ಶಾಂತರಾಗುವುದನ್ನು ಕಂಡರು. ವಕೀಲರಾಗಿದ್ದ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿ, ದಂಡನೆಯನ್ನು ದೂರವಿಟ್ಟು, ‘ಮೀಸೆಯ ತಾಯಿ’ ಎಂದು ಹೆಸರಾದರು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಪ್ರಾರಂಭವಾದಾಗ ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಟಿ. ನರಸೀಪುರದಲ್ಲಿ. ಅಂಗನವಾಡಿ ಕಾರ್ಯಕರ್ತೆಯ ಜೊತೆಗೆ ಸಹಾಯಕಿಯೂ ಅಂದಿನಿಂದ ಹಳ್ಳಿಯ ಬಾಳಿನ ಅಂಗವಾದಳು.

ಮೂರು ವರ್ಷದ ಮಗು ತುಂಟತನ ಮಾಡುವುದು ಕೇಡಿನ ಬುದ್ಧಿಯಿಂದಲ್ಲ. ಆವೇಗವನ್ನು ತಡೆದುಕೊಳ್ಳುವ ಶಕ್ತಿ ಮಿದುಳಿನಲ್ಲಿ ಬಹು ನಿಧಾನವಾಗಿ ಬೆಳೆಯುತ್ತದೆ. ತಾರುಣ್ಯದವರೆಗೂ ಅದು ಪೂರ್ಣವಾಗದು. ನಾಲಗೆಗೆ ಮಾತು ಒದಗದಾಗ ಕೈ ಹೊಡೆಯುತ್ತದೆ, ಹಲ್ಲು ಕಚ್ಚುತ್ತದೆ. ಆದುದರಿಂದ ‘ಈ ಮಗು ಹೀಗೇಕೆ?’ ಎಂದು ಗೊಣಗುವ ಮೊದಲು ಹಸಿವೋ, ನಿದ್ದೆಯೋ, ಮೂತ್ರದ ಅವಸರವೋ, ಬಹಳ ಹೊತ್ತು ಕುಳಿತ ಬೇಸರವೋ ಎಂದು ವಿಚಾರಿಸುವುದು ಸಹಾಯಕಿಯ ಮೊದಲ ಪಾಠ.

ಎರಡನೆಯದು ಸ್ಥಿರತೆ. ಹೊಸಬಳನ್ನು ಮಕ್ಕಳು ಪರೀಕ್ಷಿಸಿಯೇ ತೀರುತ್ತಾರೆ. ಇಂದು ಬೇಡವೆಂದುದನ್ನು ನಾಳೆ ಅಳುವಿಗೆ ಸೋತು ಕೊಟ್ಟರೆ, ಅತ್ತರೆ ದೊರೆಯುತ್ತದೆಂದು ಮಗು ಕಲಿಯುತ್ತದೆ. ಶಿಕ್ಷಕಿ ಒಂದು, ಸಹಾಯಕಿ ಮತ್ತೊಂದು ಹೇಳಿದರೆ ನಿಯಮವೇ ಉಳಿಯದು. ನಿಯಮಗಳು ಮೂರೋ ನಾಲ್ಕೋ ಇರಲಿ. ಇದ್ದವು ಎಲ್ಲರಿಗೂ ಎಲ್ಲ ದಿನವೂ ಒಂದೇ ಆಗಿರಲಿ.

ಮೂರನೆಯದು ಮಾತಿನ ರೀತಿ. ‘ಓಡಬೇಡ’ ಎಂದರೆ ಏನು ಮಾಡಬೇಕೆಂಬುದು ಮಗುವಿಗೆ ತಿಳಿಯದು. ‘ಮೆಲ್ಲಗೆ ನಡೆ, ಕಂದಾ’ ಎಂದರೆ ತಿಳಿಯುತ್ತದೆ. ದೂರದಿಂದ ಕೂಗುವುದಕ್ಕಿಂತ ಹತ್ತಿರ ಹೋಗಿ, ಬಾಗಿ, ಕಣ್ಣಿಗೆ ಕಣ್ಣಿಟ್ಟು ಹೇಳಿದ ಮಾತು ನಾಟುತ್ತದೆ. ಆಟ ನಿಲ್ಲಿಸಿ ಊಟಕ್ಕೆ ಏಳುವ ಹೊತ್ತಿನಲ್ಲಿ ಗೊಂದಲ ಹೆಚ್ಚು. ಸ್ವಲ್ಪ ಮುಂಚೆಯೇ ಸೂಚನೆ ಕೊಟ್ಟು, ದಿನವೂ ಒಂದೇ ಹಾಡನ್ನು ಹಾಡಿದರೆ ಮಕ್ಕಳು ಹಾಡಿನ ಜೊತೆಗೇ ಏಳುತ್ತಾರೆ. ಬರಿದೆ ‘ಜಾಣೆ’ ಎನ್ನುವುದಕ್ಕಿಂತ ‘ತಟ್ಟೆಯನ್ನು ನೀನೇ ಎತ್ತಿಟ್ಟೆಯಲ್ಲ’ ಎಂಬ ಮೆಚ್ಚುಗೆ ಮಗುವಿಗೆ ದಾರಿ ತೋರಿಸುತ್ತದೆ.

ಒಂದು ಮಗು ಇನ್ನೊಂದನ್ನು ಕಚ್ಚಿತೆನ್ನೋಣ. ಮೊದಲ ಆರೈಕೆ ನೊಂದ ಮಗುವಿಗೆ. ಬಳಿಕ ಕಚ್ಚಿದ ಮಗುವಿಗೆ ‘ನೋವಾಗುತ್ತದೆ, ಕಚ್ಚಲು ಬಿಡುವುದಿಲ್ಲ’ ಎಂಬ ಚಿಕ್ಕ, ದೃಢವಾದ ಮಾತು. ಅನಂತರ ‘ನನಗೂ ಕೊಡು’ ಎಂದು ಕೇಳುವುದನ್ನು ಕಲಿಸಬೇಕು. ತಿರುಗಿ ಕಚ್ಚಿ ಬುದ್ಧಿ ಕಲಿಸುವುದು ಕಚ್ಚುವುದನ್ನೇ ಕಲಿಸಿದಂತೆ. ನೆಲಕ್ಕುರುಳಿ ಅರಚುವ ಮಗುವಿಗೆ ಆ ಗಳಿಗೆಯಲ್ಲಿ ಉಪದೇಶ ಕೇಳಿಸದು. ಪೆಟ್ಟಾಗದಂತೆ ನೋಡಿಕೊಂಡು ಬಳಿಯಲ್ಲಿ ಸುಮ್ಮನೆ ಕುಳಿತಿರುವುದೇ ಉಪಾಯ.

ಹೊಡೆತದಷ್ಟೇ ಕೆಡುಕು ಹೆದರಿಕೆ. ‘ಗುಮ್ಮ ಬರುತ್ತಾನೆ’, ‘ನಿನ್ನ ಅಮ್ಮ ಬರುವುದೇ ಇಲ್ಲ’ ಎಂಬ ಮಾತುಗಳಿಂದ ಕೊಠಡಿ ನಿಶ್ಶಬ್ದವಾಗಬಹುದು. ಆದರೆ ಹೆದರಿದ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಹೊಟ್ಟೆನೋವನ್ನಾಗಲಿ, ಯಾರೋ ಮಾಡಿದ ಹಿಂಸೆಯನ್ನಾಗಲಿ ಅದು ಹೇಳದು. ಮೌನವನ್ನು ಶಿಸ್ತೆಂದು ಭ್ರಮಿಸುವ ಸಂಸ್ಥೆ ಇಂಥ ಮಗುವನ್ನು ಕಾಪಾಡಲಾರದು. 2009ರ ಶಿಕ್ಷಣ ಹಕ್ಕು ಕಾಯ್ದೆಯು ಶಾಲೆಗಳಲ್ಲಿ ದೈಹಿಕ ದಂಡನೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿರುವುದು ಉಚಿತವೇ ಆಗಿದೆ.

ಸಹಾಯಕಿಯೂ ದಣಿಯುತ್ತಾಳೆ. ಅವಳು ತಪ್ಪಿದಾಗ ಮಕ್ಕಳೆದುರು ಗದರದೆ ಸಂಜೆ ಪ್ರತ್ಯೇಕವಾಗಿ ತಿಳಿಹೇಳುವುದು, ತಾಳ್ಮೆ ಮೀರಿದಾಗ ‘ಸ್ವಲ್ಪ ಹೊತ್ತು ನೀವು ನೋಡಿಕೊಳ್ಳಿ’ ಎನ್ನಲು ಅವಳಿಗೆ ಅವಕಾಶವಿರುವುದು ಶಿಕ್ಷಕಿಯರ ಸೌಜನ್ಯಕ್ಕೆ ಸೇರಿದ ವಿಷಯ. ದಾನಿಗಳಿಗೂ ಇಲ್ಲಿ ಪಾತ್ರವುಂಟು. ಒಂದು ದುಬಾರಿ ಆಟಿಕೆಗಿಂತ ಒಂದೇ ಬಗೆಯ ನಾಲ್ಕು ಮರದ ಬಂಡಿಗಳು ಹೆಚ್ಚು ಜಗಳಗಳನ್ನು ತಪ್ಪಿಸುತ್ತವೆ. ಹತ್ತಿರದಲ್ಲೇ ಇರುವ ಶೌಚಾಲಯ, ಆಡಲು ನೆರಳಿನ ಅಂಗಳ, ಇನ್ನೊಬ್ಬ ಸಹಾಯಕಿಯ ಸಂಬಳ ಇವು ಉಪದೇಶಕ್ಕಿಂತ ಮೇಲಾದ ಶಿಸ್ತನ್ನು ತರುತ್ತವೆ. ಮಕ್ಕಳ ನಡತೆಯನ್ನು ತಿದ್ದುವ ಕಾರ್ಯ ಹಿರಿಯರು ತಮ್ಮ ನಡತೆಯನ್ನೂ ತಮ್ಮ ಏರ್ಪಾಡುಗಳನ್ನೂ ತಿದ್ದಿಕೊಳ್ಳುವುದರಿಂದಲೇ ಮೊದಲಾಗತಕ್ಕದ್ದು.