ಓಂಗೆಯರ ದ್ವೀಪ, ಪರರ ಯೋಜನೆ

ಅಂಡಮಾನ್ ದ್ವೀಪಗಳ ದಕ್ಷಿಣದ ತುದಿಯಲ್ಲಿರುವ ಲಿಟ್ಲ್ ಅಂಡಮಾನ್ ಸುಮಾರು 700 ಚದರ ಕಿಲೋಮೀಟರ್ ವಿಸ್ತಾರದ ದ್ವೀಪ. 1960ರ ದಶಕದವರೆಗೆ ಅದು ಬಹುಮಟ್ಟಿಗೆ ಓಂಗೆ ಬುಡಕಟ್ಟಿನವರದೇ ನೆಲೆಯಾಗಿತ್ತು. 1901ರ ಜನಗಣತಿ ಅವರ ಸಂಖ್ಯೆಯನ್ನು 672 ಎಂದು ದಾಖಲಿಸಿತು. 1961ಕ್ಕೆ ಅದು 129ಕ್ಕೆ ಇಳಿದಿತ್ತು. 2011ರಲ್ಲಿ ಓಂಗೆಯರು 101 ಮಂದಿ, ದ್ವೀಪದ ಒಟ್ಟು ಜನಸಂಖ್ಯೆ ಮಾತ್ರ 18 ಸಾವಿರ ದಾಟಿತ್ತು. ಈ ಅಂಕಿಗಳನ್ನು ಕಂಡಾಗ ಹಲವರ ಬಾಯಲ್ಲಿ ಬರುವ ಮಾತು ಒಂದೇ: ಕಾಲಕ್ಕೆ ತಕ್ಕಂತೆ ಬದಲಾಗದವರು ಉಳಿಯುವುದು ಕಷ್ಟ. ಓಂಗೆಯರ ಚರಿತ್ರೆ ಈ ಮಾತನ್ನು ಒಪ್ಪುವುದಿಲ್ಲ. ಅವರು ಬದಲಾಗುತ್ತಲೇ ಬಂದವರು. ಅವರ ನೆಲದ ಬಗ್ಗೆ ಅವರನ್ನು ಕೇಳದೆಯೇ ತೀರ್ಮಾನಗಳಾದದ್ದು ಅವರನ್ನು ಕುಗ್ಗಿಸಿತು.

ಅವರ ದಿನಚರಿಯನ್ನೇ ನೋಡಿ. ಓಂಗೆಯರು ಉತ್ತು ಬಿತ್ತುವವರಲ್ಲ. ಕಾಡುಹಂದಿ, ಮೀನು, ಏಡಿ, ಆಮೆ, ಗೆಡ್ಡೆಗೆಣಸು, ಜೇನು ಅವರ ಆಹಾರ. ಗಾಳಿ ದಿಕ್ಕು ಬದಲಿಸಿದಂತೆ ಬೇಟೆಯ ತಾಣವೂ ಬದಲಾಗುತ್ತದೆ. ಹೆಜ್ಜೇನಿನ ತಟ್ಟಿ ಕೀಳುವಾಗ ಏಲಕ್ಕಿ ಕುಟುಂಬಕ್ಕೆ ಸೇರಿದ ಕಾಡುಗಿಡವೊಂದನ್ನು ಅಗಿದು, ಅದರ ರಸವನ್ನು ಮೈಗೆ ಬಳಿದುಕೊಂಡು ಮರ ಹತ್ತುತ್ತಾರೆ. ಬಾಯಲ್ಲಿ ಉಳಿದ ರಸವನ್ನು ತಟ್ಟಿಯ ಮೇಲೆ ತುಂತುರಾಗಿ ಉಗುಳಿದರೆ ಹುಳುಗಳು ಕಚ್ಚದೆ ಸರಿದುಹೋಗುತ್ತವೆ. ನೂರಾರು ಗಿಡಗಳ ನಡುವೆ ಇದೊಂದರ ಗುಣ ಗುರುತಿಸಲು ತಲೆಮಾರುಗಳ ಪರೀಕ್ಷೆ ಬೇಕು. ಹೊಸದನ್ನು ಕಲಿಯಲೂ ಅವರು ಹಿಂಜರಿದವರಲ್ಲ. ಒಡೆದ ಹಡಗುಗಳಿಂದ ಸಿಕ್ಕ ಕಬ್ಬಿಣವನ್ನು ಬಡಿದು ಬಾಣದ ಮೊನೆ ಮಾಡಿಕೊಂಡರು. ಹೊರಗಿನವರ ಜೊತೆ ಬಂದ ನಾಯಿಯನ್ನು ಪಳಗಿಸಿ ಹಂದಿಬೇಟೆಗೆ ಹಚ್ಚಿದರು. ಬೇಕಾದದ್ದನ್ನು ಆಯ್ದುಕೊಳ್ಳುವ ಅವಕಾಶ ಇದ್ದಷ್ಟು ದಿನ ಬದಲಾವಣೆ ಅವರಿಗೆ ಕೇಡು ತರಲಿಲ್ಲ.

ಆ ಅವಕಾಶವೇ ಮುಂದೆ ಅವರ ಕೈತಪ್ಪಿತು. 1867ರಲ್ಲಿ ದಡಕ್ಕಿಳಿದ ಹಡಗಿನ ನಾವಿಕರನ್ನು ಓಂಗೆಯರು ಕೊಂದಾಗ ಬ್ರಿಟಿಷರು ಸೇನೆ ಕಳಿಸಿ ಸೇಡು ತೀರಿಸಿಕೊಂಡರು. ಮುಂದಿನ ದಶಕಗಳಲ್ಲಿ ಸಂಪರ್ಕ ಹೆಚ್ಚಿತು; ಅದರೊಂದಿಗೆ, ಅವರ ದೇಹ ಎಂದೂ ಎದುರಿಸಿರದ ರೋಗಗಳೂ ಬಂದವು. ಸ್ವತಂತ್ರ ಭಾರತ 1957ರಲ್ಲಿ ಇಡೀ ದ್ವೀಪವನ್ನು ಬುಡಕಟ್ಟು ಮೀಸಲು ಎಂದು ಘೋಷಿಸಿತು. ಹತ್ತು ವರ್ಷ ಕಳೆಯುವಷ್ಟರಲ್ಲೇ ಆ ನಿರ್ಧಾರ ಸಡಿಲಗೊಂಡಿತು. ಪೂರ್ವ ಬಂಗಾಳದ ನಿರಾಶ್ರಿತರಿಗೆ ಜಮೀನು, ನಾಟಾ ಉದ್ಯಮ, ತಾಳೆಎಣ್ಣೆ ತೋಟ ಒಂದರ ಹಿಂದೊಂದು ಬಂದವು. ಓಂಗೆಯರಿಗೆ ಡುಗಾಂಗ್ ಕ್ರೀಕ್ ಮತ್ತು ಸೌತ್ ಬೇಗಳಲ್ಲಿ ಕಾಲೊನಿ ಕಟ್ಟಿ ಅಕ್ಕಿ, ಸಕ್ಕರೆ, ತಂಬಾಕು ಹಂಚಲಾಯಿತು. ಅವರ ಸಂಖ್ಯೆ ಅದಕ್ಕೂ ಮೊದಲೇ ಕುಸಿದಿತ್ತಲ್ಲ, ವಲಸೆಯನ್ನು ದೂರುವುದೇಕೆ ಎಂದು ಕೇಳಬಹುದು. ನಿಜ, ದೊಡ್ಡ ಕುಸಿತ ಮೊದಲೇ ಆಗಿತ್ತು. ಆದರೆ ರೋಗದಿಂದ ಸೊರಗಿದ ಸಮುದಾಯ ಚೇತರಿಸಿಕೊಳ್ಳಬೇಕಿದ್ದ ಹೊತ್ತಿಗೆ ಅದರ ಕಾಡೇ ಕೈಬಿಟ್ಟಿತು. 1981ಕ್ಕೆ ಉಳಿದವರು 97 ಮಂದಿ ಎಂಬುದನ್ನು ಮರೆಯಬಾರದು. 2008ರ ಡಿಸೆಂಬರಿನಲ್ಲಿ ದಡಕ್ಕೆ ತೇಲಿಬಂದ ಡಬ್ಬದಲ್ಲಿದ್ದ ದ್ರವವನ್ನು ಮದ್ಯವೆಂದು ಕುಡಿದು ಎಂಟು ಮಂದಿ ಸತ್ತರು. ಇಷ್ಟು ಚಿಕ್ಕ ಸಮುದಾಯದಲ್ಲಿ ಅದು ಪ್ರತಿ ಮನೆಯನ್ನೂ ತಟ್ಟುವ ನಷ್ಟ.

ನೂರು ಜನರಿಗೆ ಇಷ್ಟು ಕಾಡು ಏಕೆ ಎಂಬುದು ಇನ್ನೊಂದು ಆಕ್ಷೇಪ. 2021ರಲ್ಲಿ ನೀತಿ ಆಯೋಗದ ಯೋಜನೆಯೊಂದು ದ್ವೀಪದಲ್ಲಿ ಹೊಸ ನಗರ ಕಟ್ಟಲು ಬುಡಕಟ್ಟು ಮೀಸಲಿನ ಸುಮಾರು ಮೂರನೇ ಒಂದು ಭಾಗವನ್ನು ಬಿಡಿಸಿಕೊಳ್ಳುವ ಪ್ರಸ್ತಾವ ಇಟ್ಟಿತು. ಉತ್ತು ಬೆಳೆಯುವವರ ಎಕರೆ ಲೆಕ್ಕವನ್ನು ಬೇಟೆಯವರ ಕಾಡಿಗೆ ಹಚ್ಚುವುದೇ ಇಲ್ಲಿನ ತಪ್ಪು. ಹಂದಿ ಬೆದೆಗೆ ಬಂದು ಮರಿಹಾಕಲು, ಹೆಜ್ಜೇನು ಕಟ್ಟಲು ದೊಡ್ಡ ಮರಗಳ ಅಖಂಡ ಕಾಡು ಬೇಕು. ಆ ಕಾಡು ಕೊಟ್ಟ ತಿಳಿವಳಿಕೆಯ ಬೆಲೆ 2004ರ ಸುನಾಮಿಯಲ್ಲಿ ಗೊತ್ತಾಯಿತು: ಸಮುದ್ರದ ನೀರು ಹಿಂದೆ ಸರಿದದ್ದನ್ನು ಕಂಡ ಓಂಗೆಯರು ಎತ್ತರದ ಜಾಗಕ್ಕೆ ಓಡಿ, ಎಲ್ಲರೂ ಬದುಕಿದರು. ಅದೇ ದ್ವೀಪದ ಹಟ್ ಬೇಯಲ್ಲಿ ಹಲವರು ಪ್ರಾಣ ಕಳೆದುಕೊಂಡರು.

ಹಾಗಾದರೆ ಶಾಲೆ, ಆಸ್ಪತ್ರೆ ಬೇಡವೇ? ಖಂಡಿತ ಬೇಕು, ರೋಗ ತಂದುಕೊಟ್ಟ ಹೊರಜಗತ್ತು ಔಷಧಿಯನ್ನೂ ಕೊಡಬೇಕಾದ್ದು ನ್ಯಾಯ. ಆದರೆ ಔಷಧಿ ಕೊಡಲು ಕಾಡನ್ನು ಕಸಿದುಕೊಳ್ಳಬೇಕಿಲ್ಲ. ಈಗಿನ ನಿಯಮದಲ್ಲಿ ಮೀಸಲಿನ ಗಡಿಯನ್ನು ಹಾಕುವುದೂ ಅಳಿಸುವುದೂ ಸರ್ಕಾರದ ಅಧಿಸೂಚನೆಯೇ. 1957ರಲ್ಲಿ ಕೊಟ್ಟ ರಕ್ಷಣೆ ಅಷ್ಟು ಬೇಗ ಕರಗಿದ್ದು ಇದರಿಂದಲೇ. ಇನ್ನು ಮುಂದೆ ಆ ಗಡಿಯಲ್ಲಿ ಒಂದು ಮಾರು ಸರಿಸಬೇಕಾದರೂ ಓಂಗೆಯರ ಒಪ್ಪಿಗೆ ಕಡ್ಡಾಯವಾಗಬೇಕು, ಬೇಡ ಎನ್ನುವ ಅವರ ಹಕ್ಕಿಗೆ ಕಾನೂನಿನ ಬಲ ಇರಬೇಕು.